ಒಂಬತ್ತು ಪಿನ್ನಿನ ಕೇಬಲ್ ಕಬ್ಬಿನ ತೂಕ ಕದಿಯುತ್ತದೆಯೇ? ಪ್ಲಗ್ ಹೇಳುವುದೇನು, ಹೇಳದಿರುವುದೇನು

ಕಬ್ಬು ನುರಿಸುವ ಹಂಗಾಮು ಶುರುವಾದರೆ ಅರಭಾವಿ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದ್ದೇ ದರ್ಬಾರು. ಎರಡೆರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಯ ಕಾಟಾ ಮುಂದೆ ಸಾಲುಗಟ್ಟಿ ನಿಂತಿರುತ್ತವೆ. ಅದೇ ಹೊತ್ತಿಗೆ ಮೊಬೈಲ್‌ಗಳಲ್ಲಿ ಇನ್ನೊಂದು ಸಾಲೂ ಶುರುವಾಗುತ್ತದೆ, ಫಾರ್ವರ್ಡ್‌ಗಳ ಸಾಲು. "ಕಾಟಾದ ಮಷೀನಿನ ಹಿಂದೆ ಒಂಬತ್ತು ಪಿನ್ನಿನ ವೈರ್ ಇದೆ, ಕಂಪ್ಯೂಟರಿಗೆ ಹೋಗುವ ಆ ವೈರ್‌ನಲ್ಲೇ ತೂಕ ಕಳುವಾಗುತ್ತದೆ" ಎಂಬುದು ಒಂದು ಮಾತು. "ಅದು ಸ್ಟ್ಯಾಂಡರ್ಡ್ ಕೇಬಲ್, ಅದರಲ್ಲಿ ಮೋಸ ಮಾಡಲು ಬರುವುದೇ ಇಲ್ಲ" ಎಂಬುದು ಅದಕ್ಕೆ ಬರುವ ಉತ್ತರ.

ಯಾವುದು ಸರಿ? ಎರಡೂ ಪೂರ್ತಿ ಸರಿಯಲ್ಲ. ಎರಡರ ಹಿಂದೆಯೂ ಇರುವುದು ಒಂದೇ ತಪ್ಪು ತಿಳಿವಳಿಕೆ. ಒಂದು ಪ್ಲಗ್ಗಿಗೆ 'ಸ್ಟ್ಯಾಂಡರ್ಡ್' ಎಂಬ ಹೆಸರಿದ್ದರೆ ಅದರೊಳಗೆ ಹೋಗುವುದೆಲ್ಲವನ್ನೂ ಆ ಸ್ಟ್ಯಾಂಡರ್ಡ್ ನೋಡಿಕೊಳ್ಳುತ್ತದೆ ಎಂದು ನಾವು ನಂಬಿಬಿಟ್ಟಿದ್ದೇವೆ. ನಿಮ್ಮ ಕೈಯಲ್ಲಿರುವ ಮೊಬೈಲ್ ಚಾರ್ಜರ್‌ನ ವಿಷಯದಲ್ಲೂ ನಾವು ಮಾಡುವ ತಪ್ಪು ಇದೇ.

ಇದು ಬರೀ ತಾಂತ್ರಿಕ ಹರಟೆಯಲ್ಲ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದರು. ಕೊನೆಗೆ ಸರ್ಕಾರ 3,300 ರೂಪಾಯಿ ಎಂದು ಘೋಷಿಸಿತು. ಟನ್ನಿಗೆ ಐವತ್ತು, ನೂರು ರೂಪಾಯಿಗಾಗಿ ಅಷ್ಟು ಹೋರಾಡಿದ ಮೇಲೆ, ಆ 'ಟನ್' ಎಂದರೆ ನಿಜಕ್ಕೂ ಸಾವಿರ ಕಿಲೋ ಹೌದೋ ಅಲ್ಲವೋ ಎಂದು ಕೇಳುವುದು ನ್ಯಾಯವೇ. ಆದರೆ ಆ ಪ್ರಶ್ನೆಯನ್ನು ಸರಿಯಾದ ಜಾಗದಲ್ಲಿ ಕೇಳಬೇಕು.

ಚಿಕ್ಕ ಉತ್ತರ

ಕಾಟಾದಿಂದ ಕಂಪ್ಯೂಟರಿಗೆ ಹೋಗುವ ಸೀರಿಯಲ್ ಕೇಬಲ್ ಒಂದು ಅಂಚೆಯವನ ಹಾಗೆ. ಕೊಟ್ಟ ಪತ್ರವನ್ನು ತಲುಪಿಸುವುದಷ್ಟೇ ಅದರ ಕೆಲಸ. ಪತ್ರದಲ್ಲಿ ಬರೆದದ್ದು ನಿಜವೋ ಸುಳ್ಳೋ ಎಂದು ಅದು ನೋಡುವುದಿಲ್ಲ. ಆ ಕೇಬಲ್ಲಿನ ಮಾನದಂಡವೂ ಅದನ್ನು ನೋಡು ಎಂದು ಎಲ್ಲೂ ಹೇಳಿಲ್ಲ. ತೂಕ ಸರಿಯೋ ತಪ್ಪೋ ಎಂದು ಹೇಳುವ ಮಾನದಂಡ ಬೇರೆಯೇ ಇದೆ. ಅದು ಸರ್ಕಾರದ ಕಾನೂನು ಮಾಪನಶಾಸ್ತ್ರದ ನಿಯಮ.

ತೂಕ ಎಲ್ಲಿಂದ ಎಲ್ಲಿಗೆ ಹೋಗುತ್ತದೆ?

ಮೊದಲು ದಾರಿ ತಿಳಿದುಕೊಳ್ಳೋಣ. ಟ್ರ್ಯಾಕ್ಟರ್ ನಿಲ್ಲುವ ದೊಡ್ಡ ಕಬ್ಬಿಣದ ಅಥವಾ ಕಾಂಕ್ರೀಟಿನ ವೇದಿಕೆಯ ಕೆಳಗೆ ಲೋಡ್ ಸೆಲ್ ಎಂಬ ಗಟ್ಟಿ ಉಕ್ಕಿನ ತುಂಡುಗಳಿರುತ್ತವೆ. ಸಾಮಾನ್ಯವಾಗಿ ನಾಲ್ಕು, ಆರು ಅಥವಾ ಎಂಟು. ಭಾರ ಬಿದ್ದಾಗ ಆ ಉಕ್ಕು ಕಣ್ಣಿಗೆ ಕಾಣದಷ್ಟು ಸೊಟ್ಟಗಾಗುತ್ತದೆ. ಅದಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್ ಎಂಬ ತೆಳು ತಂತಿಯ ಪಟ್ಟಿ ಹಿಗ್ಗಿ, ಅದರ ವಿದ್ಯುತ್ ರೋಧ ಬದಲಾಗುತ್ತದೆ.

ಇಲ್ಲಿ ಸಿಗುವ ವಿದ್ಯುತ್ ಸಂಕೇತ ಎಷ್ಟು ಚಿಕ್ಕದು ಗೊತ್ತೇ? ಒಂದು ಉದಾಹರಣೆ ನೋಡಿ. 30 ಟನ್ ಸಾಮರ್ಥ್ಯದ ಎಂಟು ಲೋಡ್ ಸೆಲ್‌ಗಳಿವೆ, ಒಂದೊಂದಕ್ಕೂ 10 ವೋಲ್ಟ್ ಕೊಟ್ಟಿದ್ದೇವೆ, ಪೂರ್ತಿ ಭಾರಕ್ಕೆ 20 ಮಿಲಿವೋಲ್ಟ್ ಬರುತ್ತದೆ ಎಂದುಕೊಳ್ಳಿ. ಆಗ ವೇದಿಕೆಯ ಮೇಲೆ 10 ಕಿಲೋ ಹೆಚ್ಚಾದರೆ ಸಂಕೇತದಲ್ಲಿ ಆಗುವ ಬದಲಾವಣೆ ಒಂದು ಮೈಕ್ರೋವೋಲ್ಟ್‌ಗಿಂತಲೂ ಕಡಿಮೆ. ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗವೂ ಇಲ್ಲ.

ಎಲ್ಲ ಸೆಲ್‌ಗಳ ತಂತಿಗಳು ಒಂದು ಜಂಕ್ಷನ್ ಬಾಕ್ಸ್‌ನಲ್ಲಿ ಸೇರುತ್ತವೆ. ಅಲ್ಲಿಂದ ಒಂದು ಕೇಬಲ್ ಕೋಣೆಯೊಳಗಿನ ಇಂಡಿಕೇಟರ್‌ಗೆ, ಅಂದರೆ ಕೆಂಪು ಅಂಕಿ ತೋರಿಸುವ ಡಬ್ಬಿಗೆ ಹೋಗುತ್ತದೆ. ಇಂಡಿಕೇಟರ್ ಆ ಸಣ್ಣ ಸಂಕೇತವನ್ನು ಅಂಕಿಗೆ ಬದಲಿಸುತ್ತದೆ. ಎಷ್ಟು ಮೈಕ್ರೋವೋಲ್ಟ್‌ಗೆ ಎಷ್ಟು ಕಿಲೋ ಎಂಬ ಲೆಕ್ಕ, ಅಂದರೆ ಕ್ಯಾಲಿಬ್ರೇಷನ್, ಇರುವುದು ಇದರೊಳಗೆ.

ತೂಕ ಹುಟ್ಟುವುದು ಇಲ್ಲಿ. ಇಲ್ಲಿಂದ ಮುಂದೆ ಇರುವುದೆಲ್ಲ ಬರೀ ಸಾಗಣೆ. ಇಂಡಿಕೇಟರ್‌ನ ಬೆನ್ನಿನಿಂದ ಹೊರಟ ಸೀರಿಯಲ್ ಕೇಬಲ್ ಕಂಪ್ಯೂಟರಿಗೆ ಹೋಗುತ್ತದೆ. ಕಂಪ್ಯೂಟರಿನ ಸಾಫ್ಟ್‌ವೇರ್ ಆ ಅಂಕಿಯನ್ನು ಓದಿ, ರೈತನ ಹೆಸರು, ವಾಹನದ ನಂಬರ್ ಸೇರಿಸಿ ಚೀಟಿ ಮುದ್ರಿಸುತ್ತದೆ.

ಆ ಕೇಬಲ್ಲಿನ ಮಾನದಂಡ ಹೇಳುವುದೇನು?

ಇದರ ಹೆಸರು ಆರ್‌ಎಸ್-232. 1960ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘ ಇದನ್ನು ಹೊರತಂದಿತು. 'ಆರ್‌ಎಸ್' ಎಂದರೆ ಶಿಫಾರಸು ಮಾಡಿದ ಮಾನದಂಡ ಎಂದಷ್ಟೇ. ಟೆಲಿಪ್ರಿಂಟರ್, ಟರ್ಮಿನಲ್‌ಗಳನ್ನು ಟೆಲಿಫೋನ್ ಲೈನಿನ ಮೋಡೆಮ್‌ಗೆ ಜೋಡಿಸುವುದು ಅದರ ಉದ್ದೇಶ. ತುಂಬ ಕಾಲ ಬಳಕೆಯಲ್ಲಿದ್ದ ಆವೃತ್ತಿ 1969ರ ಆರ್‌ಎಸ್-232-ಸಿ. ತೂಕದ ಕಾಟಾ, ಹಾಲಿನ ಡೈರಿ, ಕಬ್ಬು ಯಾವುದೂ ಅದನ್ನು ಬರೆದವರ ತಲೆಯಲ್ಲಿ ಇರಲಿಲ್ಲ.

ಅದು ಖಚಿತವಾಗಿ ಹೇಳುವುದು ಇಷ್ಟು:

• ವೋಲ್ಟೇಜ್: ತಂತಿಯಲ್ಲಿ +3ರಿಂದ +15 ವೋಲ್ಟ್ ಇದ್ದರೆ ಅದು '0'. -3ರಿಂದ -15 ವೋಲ್ಟ್ ಇದ್ದರೆ ಅದು '1'. ನಡುವೆ ಇದ್ದರೆ ಅರ್ಥವಿಲ್ಲ.

• ತಂತಿಗಳ ಕೆಲಸ: ಕಳುಹಿಸುವ ತಂತಿ ಯಾವುದು, ಪಡೆಯುವ ತಂತಿ ಯಾವುದು, 'ನಾನು ತಯಾರು' ಎಂದು ಹೇಳುವ ತಂತಿ ಯಾವುದು, ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡ್ ಯಾವುದು.

• ವೇಗದ ಮಿತಿ: ಸೆಕೆಂಡಿಗೆ 20,000 ಬಿಟ್.

• ದೂರ: 'ಸಿ' ಆವೃತ್ತಿಯಲ್ಲಿ ಸುಮಾರು 50 ಅಡಿ, ಅಂದರೆ 15 ಮೀಟರ್. ಮುಂದೆ ಇದನ್ನು ಅಡಿಯ ಬದಲು ಕೇಬಲ್ಲಿನ ಕೆಪಾಸಿಟೆನ್ಸ್ ಲೆಕ್ಕದಲ್ಲಿ ಹೇಳಲಾಯಿತು.

ಕನೆಕ್ಟರ್? ಇಲ್ಲಿ ಒಂದು ಸ್ವಾರಸ್ಯವಿದೆ. ಎಲ್ಲರೂ 'ಆರ್‌ಎಸ್-232 ಪ್ಲಗ್' ಎಂದು ಕರೆದ 25 ಪಿನ್ನಿನ ಪ್ಲಗ್ 1969ರ ಆವೃತ್ತಿಯಲ್ಲಿ ಕಡ್ಡಾಯವೇ ಆಗಿರಲಿಲ್ಲ, ಅನುಬಂಧದಲ್ಲಿ ಬಂದ ಸಲಹೆ ಮಾತ್ರ. ಮುಂದಿನ ಆವೃತ್ತಿಯಲ್ಲಿ ಅದು ನಿಯಮವಾಯಿತು. ಅಷ್ಟರಲ್ಲಿ 1984ರಲ್ಲಿ ಐಬಿಎಂ ತನ್ನ ಪಿಸಿ ಎಟಿ ಕಂಪ್ಯೂಟರಿನಲ್ಲಿ ಜಾಗ ಉಳಿಸಲು ಒಂಬತ್ತು ಪಿನ್ನಿನ ಚಿಕ್ಕ ಪ್ಲಗ್ ಹಾಕಿತು. ಜಗತ್ತೆಲ್ಲ ಅದನ್ನೇ ಹಿಂಬಾಲಿಸಿತು. ಆ ಒಂಬತ್ತು ಪಿನ್ನಿಗೆ ಬೇರೆಯೇ ಮಾನದಂಡ ಬಂದದ್ದು 1990ರಲ್ಲಿ. ಅಂದರೆ ನಾವೆಲ್ಲ ಕಂಡಿರುವ ಪ್ಲಗ್ ಮೊದಲು ರೂಢಿಯಾಯಿತು, ಕಾಗದದ ನಿಯಮ ಆಮೇಲೆ ಬಂತು.

ಇದರ ಜೊತೆಗೆ ಒಂದು ಗೊಂದಲವೂ ಬಂತು. 25 ಪಿನ್ನಿನ ಪ್ಲಗ್‌ನಲ್ಲಿ 2ನೇ ಪಿನ್ ಕಳುಹಿಸುವುದು, 3ನೇ ಪಿನ್ ಪಡೆಯುವುದು. ಒಂಬತ್ತು ಪಿನ್ನಿನಲ್ಲಿ ಇದು ಅದಲುಬದಲು. ಗ್ರೌಂಡ್ ಒಂದರಲ್ಲಿ 7, ಇನ್ನೊಂದರಲ್ಲಿ 5. ಇಂದಿಗೂ ಕಾಟಾ ರಿಪೇರಿಗೆ ಬಂದವರು ಮೊದಲು ಮಾಡುವ ಕೆಲಸ 2 ಮತ್ತು 3ನ್ನು ತಿರುಗಿಸಿ ನೋಡುವುದು.

ಮಾನದಂಡ ಹೇಳದೆ ಬಿಟ್ಟದ್ದೇನು?

ಅಸಲು ಕಥೆ ಇರುವುದು ಇಲ್ಲೇ. ತಂತಿಯಲ್ಲಿ ಹೋಗುವ 0 ಮತ್ತು 1ಗಳ ಅರ್ಥವೇನು ಎಂದು ಆರ್‌ಎಸ್-232 ಹೇಳುವುದೇ ಇಲ್ಲ.

ಸೆಕೆಂಡಿಗೆ 9,600 ಬಿಟ್ ಕಳಿಸಬೇಕೋ 2,400 ಕಳಿಸಬೇಕೋ? ಒಂದು ಅಕ್ಷರಕ್ಕೆ ಏಳು ಬಿಟ್ಟೋ ಎಂಟೋ? ತಪ್ಪು ಹಿಡಿಯಲು ಪ್ಯಾರಿಟಿ ಬಿಟ್ ಬೇಕೋ ಬೇಡವೋ? ಇವೆಲ್ಲ ಎರಡೂ ಕಡೆಯವರು ಕೂತು ಒಪ್ಪಿಕೊಳ್ಳಬೇಕಾದ ಮಾತು. ಒಪ್ಪದಿದ್ದರೆ ಕಂಪ್ಯೂಟರಿನಲ್ಲಿ ಅಂಕಿಯ ಬದಲು ವಿಚಿತ್ರ ಚಿಹ್ನೆಗಳು ಬರುತ್ತವೆ.

ತೂಕವನ್ನು ಹೇಗೆ ಬರೆಯಬೇಕು ಎಂಬುದೂ ಅದರಲ್ಲಿಲ್ಲ. ಒಂದು ಕಂಪನಿಯ ಇಂಡಿಕೇಟರ್ ಮೊದಲು ಪ್ಲಸ್ ಚಿಹ್ನೆ, ಆಮೇಲೆ ಅಂಕಿ, ಆಮೇಲೆ 'ಕೆಜಿ' ಎಂದು ಕಳಿಸುತ್ತದೆ. ಇನ್ನೊಂದು ಒಟ್ಟು ತೂಕ, ನಿವ್ವಳ ತೂಕ ಎರಡನ್ನೂ ಕಳಿಸುತ್ತದೆ. ಮತ್ತೊಂದು ಬಿಡಿ ಸ್ಥಾನದಿಂದ ಶುರುಮಾಡಿ ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತದೆ, 24560 ಎಂಬುದು 06542 ಎಂದು ಹೋಗುತ್ತದೆ. ಎಲ್ಲವೂ ಆರ್‌ಎಸ್-232ಕ್ಕೆ ಬದ್ಧ, ಯಾವುದೂ ತಪ್ಪಲ್ಲ. ಓದುವ ಸಾಫ್ಟ್‌ವೇರ್‌ಗೆ ಅದು ಗೊತ್ತಿರಬೇಕು ಅಷ್ಟೇ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಈ ಅಂಕಿ ಕಳಿಸಿದ್ದು ನಿಜವಾದ ಇಂಡಿಕೇಟರೇ ಹೌದೇ, ದಾರಿಯಲ್ಲಿ ಯಾರೂ ಬದಲಿಸಿಲ್ಲವೇ ಎಂದು ನೋಡುವ ವ್ಯವಸ್ಥೆ ಅದರಲ್ಲಿ ಇಲ್ಲ. ಸಹಿ ಇಲ್ಲ, ಮೊಹರಿಲ್ಲ, ಬೀಗವಿಲ್ಲ.

ಡಬ್ಬಿ ನೋಡಿ ಕರದಂಟು ಎನ್ನಬೇಡಿ

ಗೋಕಾಕದ ಕರದಂಟಿನ ಡಬ್ಬಿ ನಮ್ಮ ಎಷ್ಟೋ ಮನೆಗಳಲ್ಲಿ ಇದ್ದೇ ಇರುತ್ತದೆ. ಕರದಂಟು ತಿಂದು ಮುಗಿದ ಮೇಲೆ ಆ ಡಬ್ಬಿಯಲ್ಲಿ ಸೂಜಿ ದಾರವೂ ಇರಬಹುದು, ರೇಷನ್ ಕಾರ್ಡೂ ಇರಬಹುದು. ಡಬ್ಬಿಯ ಆಕಾರ ಒಳಗಿರುವುದನ್ನು ಹೇಳುವುದಿಲ್ಲ. ಪ್ಲಗ್ ಕೂಡ ಹಾಗೇ.

ಇಂಗ್ಲಿಷಿನ 'ಡಿ' ಅಕ್ಷರದ ಆಕಾರದ ಈ ಪ್ಲಗ್ಗನ್ನು ಕ್ಯಾನನ್ ಎಂಬ ಕಂಪನಿ 1952ರಲ್ಲೇ ತಂದಿತ್ತು. ಅದಕ್ಕೂ ಸೀರಿಯಲ್ ಪೋರ್ಟ್‌ಗೂ ಹುಟ್ಟಿನಿಂದ ಯಾವ ನಂಟೂ ಇಲ್ಲ. ಇದೇ ಒಂಬತ್ತು ಪಿನ್ನಿನ ಪ್ಲಗ್ 1977ರ ಅಟಾರಿ ವಿಡಿಯೋ ಗೇಮ್‌ನಲ್ಲಿ ಜಾಯ್‌ಸ್ಟಿಕ್‌ಗೆ ಇತ್ತು. 1980ರ ದಶಕದ ಕಂಪ್ಯೂಟರುಗಳಲ್ಲಿ ಬಣ್ಣದ ಮಾನಿಟರ್‌ಗೂ ಅದೇ. ಇಂದಿನ ಕಾರ್ಖಾನೆಗಳಲ್ಲಿ ಪ್ರೊಫಿಬಸ್ ಎಂಬ ಬೇರೆಯೇ ಜಾಲಕ್ಕೂ ಅದೇ ಪ್ಲಗ್. ಕೆಲವು ತೂಕದ ಇಂಡಿಕೇಟರ್‌ಗಳಲ್ಲಿ ಲೋಡ್ ಸೆಲ್ಲಿನ ತಂತಿಗೂ ಇದೇ ಜಾತಿಯ ಪ್ಲಗ್ ಇರುತ್ತದೆ. ಕೂತುಕೊಂಡಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ.

ಅಂದಹಾಗೆ, ಅಂಗಡಿಯಲ್ಲಿ ನಾವು 'ಡಿಬಿ-9' ಎಂದು ಕೇಳುವ ಪ್ಲಗ್ಗಿನ ಸರಿಯಾದ ಹೆಸರು 'ಡಿಇ-9'. ಎರಡನೇ ಅಕ್ಷರ ಹೇಳುವುದು ಕವಚದ ಅಳತೆಯನ್ನು. 'ಬಿ' ಎಂಬುದು 25 ಪಿನ್ನಿನ ದೊಡ್ಡ ಕವಚಕ್ಕೆ. ತಪ್ಪು ಹೆಸರೇ ಊರೆಲ್ಲ ಹಬ್ಬಿ ಈಗ ಅದೇ ರೂಢಿಯಾಗಿದೆ. ಫಾರ್ವರ್ಡ್‌ಗಳ ಕಾಲಕ್ಕೂ ಮೊದಲೇ ಹಬ್ಬಿದ ಫಾರ್ವರ್ಡ್ ಎನ್ನಬಹುದು.

ನಿಮ್ಮ ಮೊಬೈಲಿನ ಟೈಪ್-ಸಿ ಕಥೆಯೂ ಇದೇ

2014ರಲ್ಲಿ ಬಂದ ಯುಎಸ್‌ಬಿ ಟೈಪ್-ಸಿ ಪ್ಲಗ್‌ನಲ್ಲಿ 24 ಸಂಪರ್ಕಗಳಿವೆ. ಯುರೋಪಿನ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಮೊಬೈಲ್‌ಗಳಿಗೆ ಇದನ್ನೇ ಕಡ್ಡಾಯ ಮಾಡಿತು. "ಇನ್ನು ಎಲ್ಲ ಕೇಬಲ್ಲೂ ಒಂದೇ" ಎಂದು ನಾವು ತಿಳಿದೆವು. ನಿಜದಲ್ಲಿ ಒಂದಾದದ್ದು ಆಕಾರ ಮಾತ್ರ.

ಒಂದೇ ರೀತಿ ಕಾಣುವ ಎರಡು ಟೈಪ್-ಸಿ ಕೇಬಲ್‌ಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್ ಸಾಗಿಸಬಹುದು, ಅಂದರೆ ಎಂಬತ್ತು ಪಟ್ಟಿಗೂ ಹೆಚ್ಚು. ಒಂದು 60 ವ್ಯಾಟ್ ವಿದ್ಯುತ್ ತಡೆದರೆ ಇನ್ನೊಂದು 240 ವ್ಯಾಟ್ ತಡೆಯುತ್ತದೆ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ, ಚಾರ್ಜ್ ಮಾತ್ರ ಆಗುತ್ತದೆ. "ಫೋಟೋ ಕಾಪಿ ಆಗುತ್ತಿಲ್ಲ, ಮೊಬೈಲ್ ಹಾಳಾಗಿದೆ" ಎಂದು ರಿಪೇರಿಗೆ ಓಡುವ ಮೊದಲು ಕೇಬಲ್ ಬದಲಿಸಿ ನೋಡಿ.

ಹಾಗಾದರೆ ಕೇಬಲ್ಲಿನಲ್ಲಿ ತೂಕ ತಪ್ಪಬಹುದೇ?

ತಪ್ಪಬಹುದು. ಆದರೆ ಹೇಗೆ ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಒಂದು, ಗದ್ದಲದಿಂದ. ಆಸ್ಕಿ ಸಂಕೇತದಲ್ಲಿ '2' ಎಂಬ ಅಂಕಿ 0110010, '3' ಎಂಬುದು 0110011. ಒಂದೇ ಒಂದು ಬಿಟ್ಟಿನ ವ್ಯತ್ಯಾಸ. ಹತ್ತಿರದ ದೊಡ್ಡ ಮೋಟಾರ್ ಶುರುವಾದಾಗ ಆ ಬಿಟ್ ಕೆಟ್ಟರೆ 24560 ಎಂಬುದು 34560 ಆಗಿಬಿಡಬಹುದು. ಪ್ಯಾರಿಟಿ ಇದ್ದರೆ ಇಂಥ ಒಂದು ಬಿಟ್ಟಿನ ತಪ್ಪು ಸಿಕ್ಕಿಬೀಳುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಇಂಡಿಕೇಟರ್ ಒಂದೇ ತೂಕವನ್ನು ಸೆಕೆಂಡಿಗೆ ಹಲವು ಸಲ ಕಳಿಸುತ್ತಿರುತ್ತದೆ. 9,600ರ ವೇಗದಲ್ಲಿ ಸೆಕೆಂಡಿಗೆ ಸುಮಾರು 960 ಅಕ್ಷರ ಹೋಗುತ್ತವೆ. 16 ಅಕ್ಷರದ ಸಾಲಾದರೆ ಅರವತ್ತು ಸಲ ಕಳಿಸಲು ಜಾಗವಿದೆ. ಕೆಲವು ಸಾಲುಗಳನ್ನು ಹೋಲಿಸಿ ನೋಡುವ ಸಾಫ್ಟ್‌ವೇರ್ ಇದ್ದರೆ ಒಂದು ಕೆಟ್ಟ ಸಾಲು ನಿಲ್ಲುವುದಿಲ್ಲ. ಇನ್ನೊಂದು ಮಾತು: ಗದ್ದಲಕ್ಕೆ ಪಕ್ಷಪಾತವಿಲ್ಲ. ಅದು ಒಮ್ಮೆ ಹೆಚ್ಚು ತೋರಿಸುತ್ತದೆ, ಒಮ್ಮೆ ಕಡಿಮೆ. ಪ್ರತಿ ಗಾಡಿಯಲ್ಲೂ ಇನ್ನೂರು ಕಿಲೋ ಕಡಿಮೆಯೇ ಬರುತ್ತಿದ್ದರೆ ಅದು ಗದ್ದಲವಲ್ಲ.

ಎರಡು, ಸಾಫ್ಟ್‌ವೇರಿನಿಂದ. ಅಂಕಿಯನ್ನು ತಪ್ಪು ಸ್ಥಾನದಿಂದ ಓದುವುದು, ಹಳೆಯ ಖಾಲಿ ತೂಕವನ್ನೇ ಹಿಡಿದು ಕಳೆಯುವುದು, ಕೈಯಿಂದ ತೂಕ ಟೈಪ್ ಮಾಡಲು ಬಿಡುವುದು.

ಮೂರು, ಬೇಕೆಂದೇ. ತಂತಿಯ ನಡುವೆ ಒಂದು ಚಿಕ್ಕ ಚಿಪ್ ಇಟ್ಟು, ಬಂದ ಅಂಕಿ ಬದಲಿಸಿ ಮುಂದೆ ಕಳಿಸುವುದು ತಾಂತ್ರಿಕವಾಗಿ ಸಾಧ್ಯವೇ? ಸಾಧ್ಯ. ಆರ್‌ಎಸ್-232 ಅದನ್ನು ತಡೆಯುವುದಿಲ್ಲ. ಬೇರೆ ಕ್ಷೇತ್ರದಲ್ಲಿ ಇಂಥದ್ದು ಸಿಕ್ಕಿಯೂ ಇದೆ. 2017ರಲ್ಲಿ ಉತ್ತರ ಪ್ರದೇಶದ ವಿಶೇಷ ಪೊಲೀಸ್ ಪಡೆ ಲಖನೌದ ಪೆಟ್ರೋಲ್ ಪಂಪುಗಳ ಮೇಲೆ ದಾಳಿ ಮಾಡಿದಾಗ ರಿಮೋಟ್‌ನಿಂದ ನಡೆಯುವ ಚಿಪ್‌ಗಳು ಸಿಕ್ಕಿದ್ದವು. ಆದರೆ 'ಸಾಧ್ಯ' ಎಂಬುದಕ್ಕೂ 'ಇಲ್ಲಿ ನಡೆದಿದೆ' ಎಂಬುದಕ್ಕೂ ಬಹಳ ಅಂತರವಿದೆ. ಪುರಾವೆ ಇಲ್ಲದೆ ಒಂದು ಕಾರ್ಖಾನೆಯ ಹೆಸರು ಹಾಕಿ ಫಾರ್ವರ್ಡ್ ಮಾಡಿದರೆ ನಿಜವಾದ ಮೋಸಗಾರನಿಗೇ ಅನುಕೂಲ. ಸುಳ್ಳು ದೂರುಗಳ ರಾಶಿಯಲ್ಲಿ ನಿಜದ ದೂರು ಮುಚ್ಚಿಹೋಗುತ್ತದೆ.

ಈ ಮೂರೂ ತಪ್ಪುಗಳಲ್ಲಿ ಒಂದು ಸಮಾನ ಅಂಶವಿದೆ, ಗಮನಿಸಿ. ಇವೆಲ್ಲ ಇಂಡಿಕೇಟರ್ ದಾಟಿದ ಮೇಲೆ ಆಗುವ ತಪ್ಪುಗಳು. ಹಾಗಾಗಿ ಇಂಡಿಕೇಟರ್‌ನ ಕೆಂಪು ಅಂಕಿಗೂ ಕೈಗೆ ಬಂದ ಚೀಟಿಯ ಅಂಕಿಗೂ ವ್ಯತ್ಯಾಸ ಬಂದೇ ಬರುತ್ತದೆ. ಅದನ್ನು ಹಿಡಿಯಲು ಎಂಜಿನಿಯರ್ ಬೇಕಿಲ್ಲ, ಎರಡು ಕಣ್ಣು ಸಾಕು.

ನಾಲ್ಕನೆಯದು ಇದಕ್ಕಿಂತ ಕಷ್ಟದ್ದು. ಲೋಡ್ ಸೆಲ್, ಜಂಕ್ಷನ್ ಬಾಕ್ಸ್ ಅಥವಾ ಕ್ಯಾಲಿಬ್ರೇಷನ್‌ನಲ್ಲೇ ತಪ್ಪಿದ್ದರೆ ಕೆಂಪು ಅಂಕಿಯೂ ತಪ್ಪು, ಚೀಟಿಯೂ ತಪ್ಪು, ಎರಡೂ ಒಂದಕ್ಕೊಂದು ಹೊಂದುತ್ತವೆ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ. ವೇದಿಕೆಯ ಅಂಚಿನಲ್ಲಿ ಮಣ್ಣು, ರವದಿ, ಕಲ್ಲು ಸಿಕ್ಕಿಕೊಂಡರೂ ಭಾರದ ಒಂದಿಷ್ಟು ಪಾಲು ಪಕ್ಕದ ಗೋಡೆಗೆ ಹೋಗಿ ತೂಕ ಕಡಿಮೆ ತೋರಿಸುತ್ತದೆ. ಜಂಕ್ಷನ್ ಬಾಕ್ಸಿಗೆ ನೀರು ಹೋದರೂ, ಇಲಿ ಕೇಬಲ್ ಕಡಿದರೂ ಅಂಕಿ ಅಲುಗಾಡುತ್ತದೆ. ಒಂದು ಮೈಕ್ರೋವೋಲ್ಟಿನ ಲೆಕ್ಕ ಮೇಲೆ ನೋಡಿದಿರಲ್ಲ, ಅದಕ್ಕೇ ಹೀಗೆ. ಈ ತಪ್ಪು ಹಿಡಿಯಲು ಒಂಬತ್ತು ಪಿನ್ನಿನ ಕೇಬಲ್ ನೋಡಿ ಪ್ರಯೋಜನವಿಲ್ಲ. ಗೊತ್ತಿರುವ ತೂಕ ಇಟ್ಟು ನೋಡಬೇಕು.

ದೂರದ ಕೇಬಲ್ಲಿಗೆ ಬೇರೆ ದಾರಿ

ಕಾಟಾದ ಕೋಣೆ ಒಂದು ಕಡೆ, ಕಚೇರಿಯ ಕಂಪ್ಯೂಟರ್ ಇನ್ನೂರು ಮೀಟರ್ ಆಚೆ ಇದ್ದರೆ ಆರ್‌ಎಸ್-232 ಸರಿಹೋಗುವುದಿಲ್ಲ. ಅಲ್ಲಿಗೆ 1983ರಲ್ಲಿ ಬಂದ ಆರ್‌ಎಸ್-485 ಬೇಕು. ಇದರಲ್ಲಿ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ನೋಡಲಾಗುತ್ತದೆ. ಗದ್ದಲ ಎರಡೂ ತಂತಿಗೆ ಸಮನಾಗಿ ತಟ್ಟುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ಕಡಿಮೆ ವೇಗದಲ್ಲಿ ಸುಮಾರು 1,200 ಮೀಟರ್‌ವರೆಗೆ ಹೋಗುತ್ತದೆ. ಆದರೆ ಆರ್‌ಎಸ್-485 ಮಾನದಂಡ ಕನೆಕ್ಟರ್ ಯಾವುದು ಎಂದು ಹೇಳಿಯೇ ಇಲ್ಲ, ತಂತಿಯಲ್ಲಿ ಏನು ಬರೆಯಬೇಕು ಎಂದೂ ಹೇಳಿಲ್ಲ. ಬರೀ ವಿದ್ಯುತ್ತಿನ ಮಾತು ಹೇಳಿ ಸುಮ್ಮನಾಗಿದೆ.

ರಿಪೇರಿ ಮಾಡುವ ಹುಡುಗರಿಗೆ ಒಂದು ಮಾತು. ಇಂದಿನ ಚಿಕ್ಕ ಸರ್ಕ್ಯೂಟ್ ಬೋರ್ಡ್‌ಗಳಲ್ಲೂ 'ಸೀರಿಯಲ್' ಎಂದು ಬರೆದಿರುತ್ತದೆ. ಅದು 0ರಿಂದ 3.3 ಅಥವಾ 5 ವೋಲ್ಟಿನ ಸೀರಿಯಲ್. ಅದನ್ನು ನೇರವಾಗಿ ಆರ್‌ಎಸ್-232ಕ್ಕೆ ಜೋಡಿಸಿದರೆ ಮೈನಸ್ 12 ವೋಲ್ಟ್ ಬಂದು ಬೋರ್ಡ್ ಸುಟ್ಟುಹೋಗಬಹುದು. ಹೆಸರು ಒಂದೇ, ವೋಲ್ಟೇಜ್ ಬೇರೆ. ನಡುವೆ ಪರಿವರ್ತಕ ಚಿಪ್ ಬೇಕೇ ಬೇಕು.

ತೂಕದ ಬಗ್ಗೆ ಮಾತಾಡುವ ಮಾನದಂಡ ಯಾವುದು?

ಅದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ಸಾಮಾನ್ಯ ನಿಯಮಗಳು. ಮಾರಾಟಕ್ಕೆ ಬರುವ ತೂಕದ ಯಂತ್ರದ ಮಾದರಿಗೆ ಸರ್ಕಾರದ ಒಪ್ಪಿಗೆ ಬೇಕು. ಕಾಟಾವನ್ನು 12 ತಿಂಗಳಿಗೊಮ್ಮೆ ಇಲಾಖೆಯ ಅಧಿಕಾರಿ ಬಂದು ಗೊತ್ತಿರುವ ತೂಕಗಳಿಂದ ಪರೀಕ್ಷಿಸಿ ಮುದ್ರೆ ಹಾಕಬೇಕು. ಕ್ಯಾಲಿಬ್ರೇಷನ್ ಬದಲಿಸಬೇಕಾದರೆ ಆ ಮುದ್ರೆ ಒಡೆಯಬೇಕಾಗುತ್ತದೆ. ಕೇಬಲ್ಲಿಗೆ ಇಲ್ಲದ ಮೊಹರು ಇರುವುದು ಇಲ್ಲಿ.

ಎಷ್ಟು ತಪ್ಪು ಒಪ್ಪಿತ ಎಂಬುದಕ್ಕೂ ಲೆಕ್ಕವಿದೆ. ಇದು ಓಐಎಂಎಲ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾದರಿಯನ್ನು ಅನುಸರಿಸುತ್ತದೆ. ಕಾಟಾ 10 ಕಿಲೋ ಹಂತದಲ್ಲಿ ತೂಗುತ್ತದೆ ಎಂದುಕೊಳ್ಳಿ. 25 ಟನ್ ತುಂಬಿದ ಗಾಡಿಗೆ ಮುದ್ರೆ ಹಾಕುವಾಗ 15 ಕಿಲೋವರೆಗೆ ಹೆಚ್ಚುಕಡಿಮೆ ನಡೆಯುತ್ತದೆ, ಬಳಕೆಯಲ್ಲಿರುವಾಗ ಅದರ ಎರಡು ಪಟ್ಟು, ಅಂದರೆ 30 ಕಿಲೋ. 7 ಟನ್ನಿನ ಖಾಲಿ ಗಾಡಿಗೆ ಬಳಕೆಯಲ್ಲಿ 20 ಕಿಲೋ. ಎರಡೂ ತಪ್ಪು ರೈತನ ವಿರುದ್ಧವೇ ಸೇರಿದರೂ 18 ಟನ್ ಕಬ್ಬಿನಲ್ಲಿ ಹೆಚ್ಚೆಂದರೆ 50 ಕಿಲೋ. ಟನ್‌ಗೆ 3,300 ರೂಪಾಯಿಯ ಲೆಕ್ಕದಲ್ಲಿ 165 ರೂಪಾಯಿ.

ಈಗ ಶೇಕಡಾ ಒಂದರಷ್ಟು ಕಡಿಮೆ ಬಂತು ಎನ್ನಿ. 18 ಟನ್ನಿಗೆ 180 ಕಿಲೋ, 594 ರೂಪಾಯಿ. ಇದು ಒಪ್ಪಿತ ಮಿತಿಯನ್ನು ಎಷ್ಟೋ ಮೀರಿದೆ. ಹಾಗಾಗಿ ಎರಡು ಕಾಟಾಗಳ ನಡುವೆ 20 ಕಿಲೋ ವ್ಯತ್ಯಾಸ ಬಂದರೆ ಅದು ಕಳವಲ್ಲ, 200 ಕಿಲೋ ಬಂದರೆ ಸುಮ್ಮನಿರಬೇಡಿ.

"ನಾನು ನಿಂತು ನೋಡಿದೆ, ತೂಕ ತಪ್ಪು ಬಂತು"

ಇಂಥ ವಿಡಿಯೋ ಬಂದರೆ ಒಂದು ಕ್ಷಣ ನಿಲ್ಲಿ. ಈ ದರ್ಜೆಯ ಕಾಟಾದ ಕನಿಷ್ಠ ತೂಕ ಅದರ ಒಂದು ಹಂತದ 20 ಪಟ್ಟು. 10 ಕಿಲೋ ಹಂತದ ಕಾಟಾಕ್ಕೆ 200 ಕಿಲೋ. ಅದಕ್ಕಿಂತ ಕಡಿಮೆ ಭಾರಕ್ಕೆ ಆ ಕಾಟಾ ಮಾಡಿದ್ದೇ ಅಲ್ಲ. 64 ಕಿಲೋ ಇರುವವರು ನಿಂತರೆ 60 ಎಂದೇ ತೋರಿಸುತ್ತದೆ, ಅದು ಮೋಸವಲ್ಲ. ಹಾಗೆಯೇ 60 ತೋರಿಸಿತು ಎಂದು 25 ಟನ್ ಕೂಡ ಸರಿಯಾಗಿ ತೋರಿಸುತ್ತದೆ ಎಂದೂ ಅಲ್ಲ.

ನೀವು ಮಾಡಬಹುದಾದದ್ದು

1. ಗಾಡಿ ಏರುವ ಮೊದಲು ಅಂಕಿ ಸೊನ್ನೆ ಇದೆಯೇ ನೋಡಿ.

2. ಎಲ್ಲ ಗಾಲಿಗಳೂ ವೇದಿಕೆಯ ಮೇಲಿವೆಯೇ, ಅಂಚಿನಲ್ಲಿ ಕಸ ತುಂಬಿದೆಯೇ ನೋಡಿ.

3. ಅಂಕಿ ನಿಂತ ಮೇಲೆ ಅದನ್ನು ಬರೆದುಕೊಳ್ಳಿ, ಚೀಟಿಯ ಒಟ್ಟು ತೂಕದೊಂದಿಗೆ ಹೋಲಿಸಿ. ಕಡಿತಗಳಿದ್ದರೆ ಬೇರೆ ಸಾಲಿನಲ್ಲಿ ತೋರಿಸಲು ಕೇಳಿ.

4. 10 ಕಿಲೋ ಹಂತದ ಕಾಟಾದಲ್ಲಿ ಒಟ್ಟು ತೂಕದ ಕೊನೆಯ ಅಂಕಿ ಯಾವಾಗಲೂ 0 ಆಗಿರಬೇಕು. 24,567 ಎಂದು ಬಂದರೆ ಅದು ಎಲ್ಲಿಂದ ಬಂತೆಂದು ಕೇಳಿ.

5. ಖಾಲಿ ಗಾಡಿಯನ್ನು ಅವತ್ತೇ ತೂಗಿಸಿ, ಹಳೆಯ ಖಾಲಿ ತೂಕ ಬೇಡ.

6. ಮುದ್ರೆ ಹಾಕಿದ ಪ್ರಮಾಣಪತ್ರ ನೋಡಿ, ದಿನಾಂಕ 12 ತಿಂಗಳ ಒಳಗಿದೆಯೇ?

7. ಅದೇ ತುಂಬಿದ ಗಾಡಿಯನ್ನು ಮುದ್ರೆ ಇರುವ ಬೇರೆ ಕಾಟಾದಲ್ಲಿ ತೂಗಿಸಿ, ಎರಡೂ ಚೀಟಿ ಇಟ್ಟುಕೊಳ್ಳಿ. ದೊಡ್ಡ ವ್ಯತ್ಯಾಸ ಪದೇ ಪದೇ ಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಬರವಣಿಗೆಯಲ್ಲಿ ದೂರು ಕೊಡಿ.

ಹಾಲಿನ ಡೈರಿಗೂ ಇದೇ ಮಾತು

ಊರಿನ ಹಾಲು ಸಂಘದಲ್ಲಿ ತಕ್ಕಡಿ, ಕೊಬ್ಬಿನಂಶ ನೋಡುವ ಯಂತ್ರ, ಚೀಟಿ ಮುದ್ರಿಸುವ ಯಂತ್ರ ಮೂರನ್ನೂ ಬಹುಪಾಲು ಇಂಥದೇ ಸೀರಿಯಲ್ ಕೇಬಲ್ ಜೋಡಿಸುತ್ತದೆ. "ಕಂಪ್ಯೂಟರ್ ಚೀಟಿ, ತಪ್ಪಾಗಲು ಬರುವುದಿಲ್ಲ" ಎಂಬ ಮಾತು ಅಲ್ಲಿಯೂ ಕೇಳಿಬರುತ್ತದೆ. ಚೀಟಿ ಮುದ್ರಿತವಾದ ಮಾತ್ರಕ್ಕೆ ನಿಜವಾಗುವುದಿಲ್ಲ. ತಕ್ಕಡಿಯ ಅಂಕಿ ಮತ್ತು ಚೀಟಿಯ ಅಂಕಿ ಎರಡನ್ನೂ ನೋಡುವ ಅಭ್ಯಾಸ ಅಲ್ಲಿಯೂ ಬೇಕು.

ಕೊನೆಯ ಮಾತು

"ಸ್ಟ್ಯಾಂಡರ್ಡ್ ಇದೆ" ಎಂದು ಯಾರಾದರೂ ಹೇಳಿದರೆ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ಸ್ಟ್ಯಾಂಡರ್ಡ್? ಆಕಾರದ್ದೋ, ವೋಲ್ಟೇಜಿನದ್ದೋ, ಮಾತಿನದ್ದೋ, ತೂಕದ್ದೋ? ಆರ್‌ಎಸ್-232 ತನ್ನ ಕೆಲಸವನ್ನು ಅರವತ್ತು ವರ್ಷಗಳಿಗೂ ಮೀರಿ ಚೆನ್ನಾಗಿಯೇ ಮಾಡುತ್ತಿದೆ. ಅದು ಮಾಡದ ಕೆಲಸವನ್ನು ಅದರ ತಲೆಗೆ ಕಟ್ಟಿ ದೂರುವುದೂ ತಪ್ಪು, ಅದನ್ನು ನಂಬಿ ಕಣ್ಣು ಮುಚ್ಚುವುದೂ ತಪ್ಪು.

ಮುಂದಿನ ಸಲ ಒಂಬತ್ತು ಪಿನ್ನಿನ ಫೋಟೋ ಇರುವ ಮೆಸೇಜ್ ಬಂದರೆ, ಅದನ್ನು ಕಳಿಸುವ ಬದಲು ಮೇಲಿನ ಏಳು ಅಂಶಗಳನ್ನು ಕಳಿಸಿ. ಕಾಟಾದ ಮುಂದೆ ಸಾಲಿನಲ್ಲಿ ನಿಂತವರಿಗೆ ಅದರಿಂದ ಏನಾದರೂ ಉಪಯೋಗವಾದೀತು.